ಒಂಬತ್ತನೇ ಕಂಬಳಿ

ಬೋರನಕಟ್ಟೆ,
ಬಿಂಡಿಗನವಿಲೆ ಹೋಬಳಿ
12 ಜೂನ್ 1996

ಪಾಂಡವಪುರದ ಉಪವಿಭಾಗಾಧಿಕಾರಿಗಳ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಟೈಪ್‌ರೈಟರ್ ಸಮೇತ ಬಿಜಯಂಗೈದಿರುವ ಶ್ರೀಮಾನ್ ಮಹದೇವಸ್ವಾಮಿಯವರ ಸನ್ನಿಧಾನಕ್ಕೆ,

ವಿಷಯ: ನಮ್ಮ ಗ್ರಾಮ ಪಂಚಾಯ್ತಿಯ ಅಧ್ಯಕ್ಷ ಪದವಿ ತೆರವಾಗಿರುವ ಬಗ್ಗೆ.
ಉಲ್ಲೇಖ: ತಾವು ಯುಗಾದಿಗೆ ಬರೆದ ನಾಲ್ಕೇ ನಾಲ್ಕು ಸಾಲಿನ ಜಿಪುಣ ಕಾಗದ.

ಲೇ ಮಾದೇವ, ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸರ್ಕಾರಿ ಪತ್ರ ಎಂದರೆ ಗೊತ್ತಿರುವವರಿಗೆ ಗೊತ್ತಿರುವುದನ್ನು ತಿಳಿಯಪಡಿಸುವುದು.

ಅಧ್ಯಕ್ಷ ಮುದ್ದಯ್ಯನವರು ಮಾರ್ಚಿಯಲ್ಲಿ ತೀರಿಕೊಂಡರು. ಒಳ್ಳೆಯ ಮನುಷ್ಯ. ಎರಡು ವರ್ಷ ಕುರ್ಚಿಯಲ್ಲಿದ್ದು ಒಬ್ಬರಿಗೂ ಕೆಡುಕು ಮಾಡಲಿಲ್ಲ, ಮಾಡಬೇಕಾದರೆ ಎದ್ದೇಳಬೇಕಾಗಿತ್ತು. ಅವರ ತಿಥಿಯ ಎಡೆ ಎತ್ತುವ ಮೊದಲೇ ಉಪಾಧ್ಯಕ್ಷ ದೊಡ್ಡಬೀರಯ್ಯನವರು ಪಂಚಾಯ್ತಿ ಆಫೀಸಿಗೆ ಹೋಗಿ, ಕುರ್ಚಿಯ ಕಾಲು ಅಲ್ಲಾಡುತ್ತದೆಯೋ ಎಂದು ಕೂತು ನೋಡಿ ಬಂದರು. ಅತ್ತ ಎದುರು ಗುಂಪಿನ ಕರಿಯಪ್ಪನವರು ಹೊಸ ಪಂಚೆ ಒಗೆಸಿ ಇಟ್ಟುಕೊಂಡರು.

ಇದು ನಮ್ಮೂರಿಗೆ ಮಾತ್ರ ತಗುಲಿದ ರೋಗವಲ್ಲ. ಹೋದ ತಿಂಗಳು ದಿಲ್ಲಿಯಲ್ಲಿ ಒಬ್ಬರು ಹದಿಮೂರು ದಿನ ಕೂತು ಎದ್ದರು. ಆ ಜಾಗಕ್ಕೆ ಬೆಂಗಳೂರಿನಲ್ಲಿ ಕೂತಿದ್ದವರನ್ನು ಕರೆದುಕೊಂಡು ಹೋದರು. ಬೆಂಗಳೂರು ಖಾಲಿಯಾಯಿತು, ಅಲ್ಲಿಗೆ ಮತ್ತೊಬ್ಬರು. ಹೋಟ್ಲು ಚಿಕ್ಕಯ್ಯ ಹೇಳಿದ್ದು ಸರಿ: "ಒಬ್ಬ ಎದ್ರೆ ನಾಕ್ ಜನ ಜರುಗಿ ಕುಂತ್ಕಬೇಕು ಕಣ್ಲಾ. ಬಸ್ಸಲ್ಲೂ ಅಂಗೇಯ."

ಉಳಿದ ಒಂಬತ್ತು ಸದಸ್ಯರಲ್ಲಿ ನಾಲ್ವರು ದೊಡ್ಡಬೀರಯ್ಯನ ಕಡೆ, ನಾಲ್ವರು ಕರಿಯಪ್ಪನ ಕಡೆ. ಒಂಬತ್ತನೆಯವರು ನಿಮ್ಮವ್ವ ಕುಳ್ಳಮ್ಮನವರು. ಮಹಿಳೆಯರ ಸೀಟಿಗೆ ಯಾರೂ ಸಿಗದೆ ನಾಟಿ ಗದ್ದೆಯಿಂದ ಎಬ್ಬಿಸಿಕೊಂಡು ಹೋಗಿ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿದ್ದರಲ್ಲ, ಅವತ್ತಿನಿಂದ ಹಿಂದಿನ ಬೆಂಚಿನಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾರೆ. ಯಾರ ಕಡೆ ಎಂದು ಕೇಳಿದರೆ "ನಂಗೆ ಇಬ್ರೂ ಒಂದೇಯ ಕಣಪ್ಪ" ಎನ್ನುತ್ತಾರೆ. ಎರಡು ಸಲ ನಾಗಮಂಗಲದಿಂದ ಅಧಿಕಾರಿ ಬಂದರು. ಎರಡು ಸಲವೂ ಗಲಾಟೆಯಾಗಿ ಸಭೆ ಮುಂದಕ್ಕೆ ಹೋಯಿತು. ಸಮ ಸಮ ಬಂದರೆ ಚೀಟಿ ಎತ್ತಬಹುದು ಎಂದು ಕಾನೂನಿದೆಯಂತೆ. ಆದರೆ ಚೀಟಿ ಎತ್ತುವ ಕೈಯನ್ನು ನಂಬುವವರು ಯಾರು?

ಕೊನೆಗೆ ಹಿರಿಯರು ಕೈಯೇ ಇಲ್ಲದವನೊಬ್ಬನನ್ನು ಹುಡುಕಿದ್ದಾರೆ: ನಮ್ಮ ಬೋರೇದೇವರ ಬಸವ. ಪೂಜಾರಿ ಸತ್ತಾಗ ಮುಂದಿನ ಪೂಜಾರಿಯನ್ನು ಅವನೇ ತಾನೇ ಆರಿಸುವುದು? ಸಾಲಾಗಿ ಕಂಬಳಿ ಹಾಸಿ ಕೂತವರ ಮುಂದೆ ನಡೆದು ಬಂದು ಯಾರ ಮುಂದೆ ತಲೆ ಬಗ್ಗಿಸುತ್ತಾನೋ ಅವನೇ ಪೂಜಾರಿ. ಈಗ ಅಧ್ಯಕ್ಷರನ್ನೂ ಅವನೇ ಆರಿಸಲಿ, ಆಮೇಲೆ ಅಧಿಕಾರಿಯ ಮುಂದೆ ಒಂಬತ್ತೂ ಜನ ಆ ಹೆಸರಿಗೇ ಕೈ ಎತ್ತಲಿ ಎಂದು ಗುಡಿಯಲ್ಲಿ ಕರ್ಪೂರ ಮುಟ್ಟಿ ಒಪ್ಪಿಕೊಂಡಿದ್ದಾರೆ. ಕಂಬಳಿ ಹಾಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನನಗೇಕೋ ಕೈ ತುರಿಸುತ್ತಿದೆ.

ನಿಮ್ಮವ್ವ ಚೆನ್ನಾಗಿದ್ದಾರೆ. ಹುರಿಹಿಟ್ಟು ಕೊಟ್ಟಿದ್ದಾರೆ, ಬಸ್ಸಿನಲ್ಲಿ ಕಳಿಸುತ್ತೇನೆ.

ಇಂತಿ,
ಕಂಬಳಿ ಖಾತೆಯ ರಾಜ್ಯ ಸಚಿವ (ಸ್ವತಂತ್ರ ನಿರ್ವಹಣೆ),
ನಾಗಾರ್ಜುನ, ಬಿ.ಎ. (ಅರ್ಧ)


ಬೋರನಕಟ್ಟೆ
2 ಜುಲೈ 1996

ಮಾನ್ಯ ಅಧ್ಯಕ್ಷರ ಏಕೈಕ ಸುಪುತ್ರರಾದ ಮಹದೇವಸ್ವಾಮಿಯವರಿಗೆ,

ಸುದ್ದಿ ನಿನಗೆ ಮುಟ್ಟಿರುತ್ತದೆ. ಆದರೂ ಅಧಿಕೃತ ವರದಿಯನ್ನು ನಾನೇ ಕೊಡಬೇಕು.

ಹೋದ ಸೋಮವಾರದ ಹಿಂದಿನ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಗುಡಿಯ ಮುಂದೆ ಒಂಬತ್ತು ಕಂಬಳಿ. ಮೊದಲನೆಯದರಲ್ಲಿ ದೊಡ್ಡಬೀರಯ್ಯ, ಹಣೆಯಿಂದ ಹೊಟ್ಟೆಯವರೆಗೆ ವಿಭೂತಿ. ಎರಡನೆಯದರಲ್ಲಿ ಕರಿಯಪ್ಪ, ಒಗೆಸಿಟ್ಟ ಪಂಚೆ. ಕಡೆಯದರಲ್ಲಿ ನಿಮ್ಮವ್ವ. ಅವರನ್ನು ಕೂರಿಸುವುದು ಬೇಡ ಎಂದು ಯಾರೋ ಗೊಣಗಿದರು, "ಲೆಕ್ಕುಕ್ಕೆ ಒಂಬತ್ತು ಇರ್ಲಿ ಬುಡ್ರಲಾ, ಬಸವಪ್ಪ ಅಲ್ಲಿಗಂಟ ಓದಾನಾ?" ಎಂದು ಕರಿಯಪ್ಪನೇ ದೊಡ್ಡ ಮನಸ್ಸು ಮಾಡಿದ.

ಬಸವ ಹೊರಟ. ಕೊರಳಿನ ಗಂಟೆ, ಕೊಂಬಿಗೆ ಕಳಸ, ಹಿಂದೆ ತಮಟೆ. ದೊಡ್ಡಬೀರಯ್ಯನ ಮುಂದೆ ಒಂದು ಗಳಿಗೆ ನಿಂತ. ದೊಡ್ಡಬೀರಯ್ಯ ಕಣ್ಣು ಮುಚ್ಚಿ ತಲೆ ಒಡ್ಡಿದ. ಬಸವ ಬಾಲ ಬೀಸಿ ಮುಂದೆ ಹೋದ. ಕರಿಯಪ್ಪನ ಪಂಚೆ ಮೂಸಿ ಸೀನಿದ. ಆಮೇಲೆ ಯಾರ ಕಡೆಯೂ ತಿರುಗದೆ ನೇರ ಕಡೆಯ ಕಂಬಳಿಗೆ ನಡೆದು ನಿಮ್ಮವ್ವನ ಮುಂದೆ ನಿಂತ. ಮುಂಗಾಲು ಮಡಿಸಿ, ತಲೆ ಬಗ್ಗಿಸಿ, ಮೂತಿಯನ್ನು ಅವರ ಮಂಡಿಯ ಹತ್ತಿರ ಇಟ್ಟುಬಿಟ್ಟ. ಅವರು ಮೊದಲು ಹೆದರಿ ಹಿಂದೆ ಸರಿದರು. ಆಮೇಲೆ ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡರು.

ತಮಟೆ ನಿಂತಿತು. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಹೋಟ್ಲು ಚಿಕ್ಕಯ್ಯ ಕೈಮುಗಿದು ಅಡ್ಡಬಿದ್ದ. ಅವನ ಹಿಂದೆ ಎಲ್ಲರೂ.

ಶುಕ್ರವಾರ ಅಧಿಕಾರಿ ಬಂದರು, ಒಂಬತ್ತು ಕೈ ಮೇಲೆದ್ದವು. ದೊಡ್ಡಬೀರಯ್ಯನ ಕೈ ಮೇಲೇಳುವಾಗ ಬಾವಿಯಿಂದ ಕೊಡ ಸೇದಿದ ಹಾಗಿತ್ತು.

ಈಗ ರಹಸ್ಯ ವರದಿ. ಓದಿದ ಮೇಲೆ ನುಂಗಿಬಿಡು. ಹತ್ತು ದಿನ, ದಿನಾ ಮಧ್ಯಾಹ್ನ ಪೂಜಾರಿ ನಿದ್ದೆ ಹೋದ ಮೇಲೆ, ಗುಡಿಯ ಹಿಂದೆ ಬಸವನಿಗೆ ಒಂದು ಕಂಬಳಿಯ ಮಡಿಕೆಯೊಳಗಿಂದ ಅಚ್ಚುಬೆಲ್ಲ ತಿನ್ನಿಸಿದವನು ನಾನು. ಆ ಸೋಮವಾರ ಒಂಬತ್ತನೇ ಜಾಗಕ್ಕೆ ಹಾಸಿದ್ದು ಅದೇ ಕಂಬಳಿ. ಮಡಿಕೆಯಲ್ಲಿ ಎರಡು ಅಚ್ಚು. ನಿಮ್ಮವ್ವ ಯಾವಾಗಲೂ ಕಡೆಗೇ ಕೂರುವುದು ಎಂದು ನನಗೆ ಗೊತ್ತಿರಲಿಲ್ಲವೇ? ದಿಲ್ಲಿಯಲ್ಲಿ ಇನ್ನೂರೆಪ್ಪತ್ತು ಚಿಲ್ಲರೆ ಜನ ಬೇಕಾದರು, ನನಗೆ ಎರಡು ಅಚ್ಚು ಸಾಕಾಯಿತು. ಆ ಇಬ್ಬರ ಮುಖ ನೀನು ನೋಡಬೇಕಿತ್ತು ಮಾದೇವ. ನಾನು ಗುಡಿಯ ಹಿಂದೆ ಹೋಗಿ ಗೋಡೆಗೆ ಹಣೆ ಇಟ್ಟು ನಕ್ಕೆ.

ಇಂತಿ,
ಅಧ್ಯಕ್ಷರ ತಯಾರಕರು ಮತ್ತು ಸಗಟು ಸರಬರಾಜುದಾರರು,
ನಾಗಾರ್ಜುನ


ಪಾಂಡವಪುರ
10 ಜುಲೈ 1996

ನಾಗ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ.

ಅದಕ್ಕೂ ಎರಡು ದಿನ ಮೊದಲು ಅವ್ವನ ಕಾಗದ ಬಂದಿತ್ತು, ಮೇಷ್ಟರ ಕೈಲಿ ಬರೆಸಿದ್ದು. ಮೇಷ್ಟರು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾರೆ. "ಮಗಾ, ಬೋರೇದೇವ್ರು ನನ್ ಮೊಕ ನೋಡ್ತು ಕಣಪ್ಪ." ಅಷ್ಟೇ. ಅಧ್ಯಕ್ಷೆಯಾದೆ ಎಂದು ಬರೆಸಿಲ್ಲ.

ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಬಸ್ ಸ್ಟಾಪಿನ ಹತ್ತಿರ ಹೊಂಗೆ ಮರ ಇದೆಯಲ್ಲ, ಅದು ನಿನಗೆ ನೆರಳಿನ ಮರ. ನನಗೆ ಅವ್ವ ಬಚ್ಚಿಟ್ಟುಕೊಳ್ಳುವ ಮರ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಿದ್ದು ಕಂಡರೆ ಅವಳು ಕೊಡ ಹೊತ್ತುಕೊಂಡೇ ಅದರ ಹಿಂದೆ ಹೋಗಿ ಅಲ್ಲಿನ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು, ಅವರು ದಾಟಿ ಹೋಗುವವರೆಗೆ. ಒಂದು ಸಲ ಮರ ಸಿಗುವಷ್ಟರಲ್ಲಿ ಗಾಡಿ ಬಂದುಬಿಟ್ಟಿತು. ಗಾಡಿಯಲ್ಲಿ ನಿಮ್ಮಪ್ಪ, ನಿಮ್ಮ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹೊರಟಿದ್ದರು. ಬೈಯಲಿಲ್ಲ. ಸುಮ್ಮನೆ ಗಾಡಿ ತಿರುಗಿಸಿ ಮನೆಗೆ ಹೋಗಿ, ನೀರು ಕುಡಿದು, ಮತ್ತೆ ಹೊರಟರು. ಅವ್ವನೇ "ತಪ್ಪಾಯ್ತು ಕಣಣ್ಣ" ಅಂದಳು. ನಾನು ಅವಳ ಸೆರಗು ಹಿಡಿದುಕೊಂಡಿದ್ದೆ.

ಹದಿನಾಲ್ಕು ವರ್ಷ ಯಾರೂ ನೋಡಲು ಇಷ್ಟಪಡದ ಮುಖವನ್ನು ದೇವರು ನೋಡಿತು ಎಂದು ಅವಳು ನಂಬಿದ್ದಾಳೆ. ಅದು ಬೆಲ್ಲ ಎಂದು ನನಗೆ ಗೊತ್ತು, ನಿನಗೆ ಗೊತ್ತು. ಮೂರನೆಯವರಿಗೆ ಗೊತ್ತಾಗಬಾರದು. ಅವಳಿಗಂತೂ ಸಾಯುವವರೆಗೆ ಗೊತ್ತಾಗಬಾರದು.

ಒಂದು ಪ್ರಶ್ನೆ. ಆ ಸಾಲಿನಲ್ಲಿ ಒಂಬತ್ತು ಜನ ಇದ್ದರು. ನನ್ನ ಅವ್ವನನ್ನೇ ಯಾಕೆ ಆರಿಸಿದೆ?

ಮಹದೇವಸ್ವಾಮಿ


ಬೋರನಕಟ್ಟೆ
20 ನವೆಂಬರ್ 1996

ಪ್ರಿಯ ಮಾದೇವ,

ನಾಲ್ಕು ತಿಂಗಳು ಬರೆಯಲಿಲ್ಲ. ಸರ್ಕಾರಕ್ಕೆ ಉತ್ತರ ಕೊಡಲು ಕಷ್ಟವಾದಾಗ 'ಪರಿಶೀಲನೆಯಲ್ಲಿದೆ' ಎಂದು ಬರೆಯುತ್ತದೆ. ನಿನ್ನ ಪ್ರಶ್ನೆ ಪರಿಶೀಲನೆಯಲ್ಲಿದೆ.

ಬೇರೆ ವರದಿ ಕೊಡುತ್ತೇನೆ. ನಿಮ್ಮವ್ವ ರುಜು ಕಲಿತರು. ಕಲಿಸಿದವನು ನಾನು, ನಮ್ಮ ಜಗುಲಿಯಲ್ಲಿ, ಸ್ಲೇಟಿನ ಮೇಲೆ, ಇಪ್ಪತ್ತು ದಿನ. "ನನ್ ಎಸ್ರಲ್ಲಿ ಇಷ್ಟೊಂದ್ ಸುತ್ತು ಯಾಕ್ ಮಡಗಿದ್ರೋ ನಮ್ಮಪ್ಪ" ಎಂದು ಬೈದುಕೊಂಡು ಬರೆದರು. ಮೊದಲ ಸಭೆಯ ನಡಾವಳಿ ಪುಸ್ತಕದಲ್ಲಿ ಆ ರುಜು ಅರ್ಧ ಪುಟ ಇದೆ. ಕಾರ್ಯದರ್ಶಿ "ಸಣ್ದಾಗಿ ಮಾಡ್ರಮ್ಮ" ಎಂದರೆ, "ಯಾಕೆ, ಕಾಣ್ಬಾರ್ದಾ?" ಎಂದರು.

ಹಿಂದಿನ ಬೆಂಚಿನಲ್ಲಿ ಬಾಯೇ ಬಿಡದವರು ಈಗ ಬಾಯಿ ಬಿಟ್ಟರೆ ದೊಡ್ಡಬೀರಯ್ಯ ಬಾಯಿ ಮುಚ್ಚುತ್ತಾನೆ. ಯಾವುದಕ್ಕಾದರೂ ಒಪ್ಪದಿದ್ದರೆ ಕೂಗುವುದಿಲ್ಲ, ವಾದಿಸುವುದಿಲ್ಲ. "ಬಸವಪ್ಪ ನನ್ ಮುಂದೆ ನಿಂತಿದ್ದು ಇದುಕ್ಕೆ ಅಲ್ಲ" ಎನ್ನುತ್ತಾರೆ. ಅದಕ್ಕೆ ಯಾವ ಕಾನೂನಿನಲ್ಲಿ ಉತ್ತರವಿದೆ?

ಇನ್ನೊಂದು ಸಂಗತಿ. ನಾಗಮಂಗಲಕ್ಕೆ ಕೆಲಸದ ಮೇಲೆ ಹೋಗುವವರು ಈಗ ಹೊಂಗೆ ಮರದ ಹತ್ತಿರ ನಿಧಾನ ಮಾಡುತ್ತಾರೆ, ನಿಮ್ಮವ್ವ ನೀರಿಗೆ ಬರಲಿ ಎಂದು. ಅವರ ಮುಖ ನೋಡಿ ಬಸ್ಸು ಹತ್ತಿದರೆ ಕೆಲಸ ಆಗುತ್ತದಂತೆ.

ಹೋದ ವಾರ ನಮ್ಮ ತಂಗಿ ಸುಮಳ ಮದುವೆ. ಚಪ್ಪರದ ಹಾಲುಗಂಬಕ್ಕೆ ಅರಿಶಿನ ಹಚ್ಚಲು ನಮ್ಮಪ್ಪ, ಅದೇ ಗಾಡಿ ತಿರುಗಿಸಿದ ನಮ್ಮಪ್ಪ, ತಾವೇ ನಿಮ್ಮ ಮನೆಗೆ ನಡೆದು ಹೋಗಿ ಕರೆದುಕೊಂಡು ಬಂದರು. "ನಾನಾ? ನಾನು ಮುಟ್ಬೋದಾ?" ಎಂದರು ನಿಮ್ಮವ್ವ. "ದೇವ್ರೇ ಮುಟ್ಟೈತಲ್ಲವ್ವ ನಿನ್ನ" ಎಂದರು ಅಪ್ಪ. ಕಂಬದ ಬುಡದಿಂದ ಕೈಗೆಟಕುವವರೆಗೆ ಒಂದು ಬೆರಳಗಲವೂ ಬಿಡದೆ ಅರಿಶಿನ ಹಚ್ಚಿದರು. ನಾನು ಅಲ್ಲಿ ನಿಲ್ಲಲಾಗದೆ ಹಿತ್ತಲಿಗೆ ಹೋದೆ. ಗೋಡೆಗೆ ಹಣೆ ಇಟ್ಟೆ. ನಗು ಬರಲಿಲ್ಲ.

ಪ್ರತಿ ಸೋಮವಾರ ಗುಡಿಯ ಹಿಂದೆ ಹೋಗಿ ಬಸವನಿಗೆ ಒಂದು ಅಚ್ಚು ಬೆಲ್ಲ ಕೊಡುತ್ತಿದ್ದೇನೆ, ತಪ್ಪುಕಾಣಿಕೆ. ಹುಂಡಿಗೆ ಹಾಕಿದರೆ ದೇವರಿಗೆ ಮುಟ್ಟುತ್ತದೋ ಇಲ್ಲವೋ, ಇದಾದರೆ ನೇರ ಬಾಯಿಗೆ. ಜೇಬಿನಿಂದ ತೆಗೆಯುವುದರೊಳಗೆ ಅವನ ನಾಲಿಗೆ ನನ್ನ ಅಂಗಿಯ ಮೇಲಿರುತ್ತದೆ. ಕ್ಷಮಿಸಿದನೋ ಇಲ್ಲವೋ ಹೇಳುವುದಿಲ್ಲ.

ಇಂತಿ ನಿನ್ನ,
ನಾಗಾರ್ಜುನ (ಖಾತೆರಹಿತ)


ಪಾಂಡವಪುರ
3 ಮಾರ್ಚ್ 1997

ನಾಗ,

ಮೊನ್ನೆ ಇಲ್ಲಿ ಅಧ್ಯಕ್ಷರುಗಳ ಸಭೆ ಇತ್ತು. ಅವ್ವ ಬಂದಿದ್ದಳು. ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಕಡೆಯ ಅಧ್ಯಕ್ಷರೆಲ್ಲ ಜೀಪು, ಮೋಟಾರ್ ಬೈಕಿನಲ್ಲಿ ಬಂದರು. ಅವ್ವ ಎರಡು ಬಸ್ಸು ಬದಲಾಯಿಸಿ, ಕೈಚೀಲದಲ್ಲಿ ನನಗೆ ಮುದ್ದೆ ಸೊಪ್ಪುಸಾರು ಕಟ್ಟಿಕೊಂಡು ಬಂದಳು.

ನಾನು ಬೇವಿನ ಮರದ ಕೆಳಗೆ ಯಾರದೋ ಅರ್ಜಿ ಟೈಪು ಮಾಡುತ್ತಿದ್ದೆ. ಸಭೆ ಮುಗಿಸಿ ಬಂದು ನನ್ನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. "ಮ್ಯಾಲೆ ಕೂತ್ಕಳವ್ವ" ಎಂದೆ. "ವೊಳಗೆ ಸಾಯೇಬ್ರ ಎದ್ರುಗೇ ಕುರ್ಚಿ ಮ್ಯಾಲೆ ಕುಂತಿದ್ನಲ್ಲ ಕಣ್ಲಾ, ಬೆನ್ನು ನೋಯ್ತದೆ" ಎಂದು ನಕ್ಕಳು. ನಮ್ಮ ಕಡೇ ಕೇರಿಗೆ ಕೊಳವೆ ಬಾವಿ ಮಂಜೂರಾಗಿದೆಯಂತೆ. ದೊಡ್ಡಬೀರಯ್ಯ ತನ್ನ ಮನೆ ಮುಂದೆ ಕೊರೆಸು ಎನ್ನುತ್ತಿದ್ದಾನಂತೆ. "ಅವ್ನ್ ಮನೇಲಿ ಬಾವಿ ಐತೆ. ಕಡೇ ಕೇರಿ ಎಂಗಸ್ರು ಅರ್ಧ ಮೈಲಿ ಹೊರ್ತಾವ್ರೆ. ಬಸವಪ್ಪ ಕಡೇ ಕಂಬ್ಳಿಗಂಟ ಬಂದಿದ್ದು ಯಾಕೆ ಮತ್ತೆ?"

ಅವಳು ನಕ್ಕಾಗ ಕೆಳಗಿನ ಒಂದು ಹಲ್ಲು ಇಲ್ಲದ್ದು ಕಂಡಿತು. ಅದು ಯಾವಾಗ ಬಿತ್ತೋ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳು ಬಾಯಿ ಬಿಟ್ಟು ನಕ್ಕಿರಲಿಲ್ಲ.

ನೀನು ಮಾಡಿದ್ದು ತಪ್ಪು. ಆದರೂ ಇರಲಿ. ಹಾಗೇ ಇರಲಿ.

ಮಾದೇವ


ಬೋರನಕಟ್ಟೆ
12 ಆಗಸ್ಟ್ 1997

ಮಾದೇವ,

ಏಪ್ರಿಲಿನಲ್ಲಿ, ದಿಲ್ಲಿಯ ಕುರ್ಚಿ ಮತ್ತೊಮ್ಮೆ ಖಾಲಿಯಾಗಿ ತುಂಬಿದ ದಿನಗಳಲ್ಲೇ, ನಮ್ಮ ಕಡೇ ಕೇರಿಯಲ್ಲಿ ನೀರು ಬಂತು ಎಂದು ಬರೆದಿದ್ದೆನಲ್ಲ. ಇನ್ನೂರು ಅಡಿಗೆ ಸಿಹಿನೀರು. ಅವತ್ತಿನಿಂದ ದೊಡ್ಡಬೀರಯ್ಯನ ಗಂಟಲು ಒಣಗಿದೆ.

ಅವನೂ ಕರಿಯಪ್ಪನೂ ಒಂದಾಗಿದ್ದಾರೆ. ದೊಡ್ಡಬೀರಯ್ಯ ಅಧ್ಯಕ್ಷ, ಕರಿಯಪ್ಪ ಉಪಾಧ್ಯಕ್ಷ ಎಂದು ಮಾತಾಗಿದೆ. ಅವಿಶ್ವಾಸ ತರಬೇಕು; ಎಂಟು ಕೈ ಅವರ ಬಳಿಯೇ ಇವೆ. ಆದರೆ ಎಂಟರಲ್ಲಿ ಐದು ಕೈ ಏಳುತ್ತಿಲ್ಲ. ಬಸವ ಆರಿಸಿದವಳ ಮೇಲೆ ಕೈ ಎತ್ತಿದರೆ ಆ ಕೈ ಬಿದ್ದು ಹೋಗುತ್ತದೆ ಎಂದು ಹೆದರಿಕೆ. ಸದಸ್ಯೆ ಮಾರಮ್ಮನಂತೂ "ಸಾಯೇಬ್ರು ಜೈಲ್ಗಾಕ್ಲಿ, ನಾನ್ ಎತ್ತಕಿಲ್ಲ" ಎಂದುಬಿಟ್ಟಳು.

ಅದಕ್ಕೆ ನಿನ್ನೆ ಗುಡಿಯ ಮುಂದೆ ದೊಡ್ಡಬೀರಯ್ಯ ಬಹಳ ಭಕ್ತಿಯಿಂದ ಮಾತಾಡಿದ. "ನಾವ್ಯಾರು ಬುಡ್ಸಕೆ? ಕೊಟ್ಟವ್ನೇ ಯೋಳ್ಲಿ. ಇನ್ನೊಂದು ಕಿತ ಬಸವಪ್ಪನ್ನೇ ಕೇಳಾನ. ಅವಳ ಮುಂದೇನೇ ನಿಂತ್ರೆ ನಾನೇ ಅವಳ ಕಾಲಿಗ್ ಬೀಳ್ತೀನಿ."

ಎಲ್ಲರೂ ನಿಮ್ಮವ್ವನ ಕಡೆ ನೋಡಿದರು. ಬೇಡ ಎನ್ನಬಹುದಿತ್ತು. ಕಾನೂನಿನಲ್ಲಿ ಬಸವನಿಗೆ ಜಾಗವೇ ಇಲ್ಲ. "ಕೇಳಿ. ಅವ್ನು ಒಂದು ಕಿತ ಒಂದು, ಇನ್ನೊಂದು ಕಿತ ಇನ್ನೊಂದು ಯೋಳನಲ್ಲ" ಎಂದರು, ಒಂದು ಗಳಿಗೆಯೂ ಯೋಚಿಸದೆ.

ಸೆಪ್ಟೆಂಬರ್ ಒಂದನೇ ತಾರೀಖು, ಸೋಮವಾರ. ಕಂಬಳಿ ಹಾಸುವವನು ನಾನೇ.

ಏನು ಮಾಡಲಿ, ನೀನು ಹೇಳು. ಬೆಲ್ಲ ಇಟ್ಟರೆ ಎರಡನೇ ಸಲ ಮೋಸ. ಇಡದಿದ್ದರೆ ಬಸವ ಅವರನ್ನು ದಾಟಿ ಹೋಗುತ್ತಾನೆ, ಊರು ಮತ್ತೆ ಅವರ ಮುಖ ನೋಡುವುದನ್ನು ಬಿಡುತ್ತದೆ. ಈ ಕಾಗದದಲ್ಲಿ ತಮಾಷೆ ಮಾಡಲು ಎರಡು ಸಲ ಪ್ರಯತ್ನಿಸಿದೆ, ಹೊಡೆದು ಹಾಕಿದೆ.

ನಾಗಾರ್ಜುನ


ಪಾಂಡವಪುರ
18 ಆಗಸ್ಟ್ 1997

ನಾಗ,

ನಾನು ಹಿಂದೆ ಬೈದಿದ್ದನ್ನೆಲ್ಲ ಮರೆತುಬಿಡು. ಬೆಲ್ಲ ಇಡು. ನಿನ್ನ ಕಾಲು ಹಿಡಿಯುತ್ತೇನೆ, ಇನ್ನೊಂದು ಸಲ ಇಡು.

ಮಾದೇವ


ಬೋರನಕಟ್ಟೆ
9 ಸೆಪ್ಟೆಂಬರ್ 1997

ಮಾದೇವ,

ಇಟ್ಟೆ.

ಅದೇ ಕಂಬಳಿ, ಅದೇ ಮಡಿಕೆ, ಎರಡರ ಬದಲು ಮೂರು ಅಚ್ಚು. ನಿಮ್ಮವ್ವ ತಲೆಗೆ ನೀರು ಹಾಕಿಕೊಂಡು, ಮದುವೆಯಲ್ಲಿ ನಮ್ಮ ಮನೆಯವರು ಕೊಟ್ಟ ಸೀರೆ ಉಟ್ಟು ಬಂದಿದ್ದರು. ಕೂರುವಾಗ ನನ್ನ ಕಡೆ ನೋಡಿ, "ನೀನ್ಯಾಕ್ಲಾ ಮಗಾ ಇಂಗೆ ಬೆವ್ರ್ತಿದ್ದೀಯೆ? ಹೆದ್ರುಕಬೇಡ" ಎಂದರು.

ನಾನು ಸಾಲಿನಿಂದ ದೂರ, ತುಳಸಿಕಟ್ಟೆಯ ಹತ್ತಿರ, ಜನರ ನಡುವೆ ನಿಂತೆ. ಬಸವ ಹೊರಟ. ದೊಡ್ಡಬೀರಯ್ಯನನ್ನು ದಾಟಿದ, ಕರಿಯಪ್ಪನನ್ನು ದಾಟಿದ. ನಿಮ್ಮವ್ವನ ಮುಂದೆ ಬಂದ. ಅವರು ಕೈ ಚಾಚಿದರು. ಅವನು ಒಂದು ಸಲ ಮೂಸಿದ, ತಲೆ ಎತ್ತಿದ, ಜನರ ಕಡೆ ತಿರುಗಿದ. ಜನ ದಾರಿ ಬಿಟ್ಟರು. ಗಂಟೆ ಆಡಿಸಿಕೊಂಡು ನೇರ ನನ್ನ ಹತ್ತಿರ ಬಂದು, ನನ್ನ ಅಂಗಿಯ ಜೇಬಿಗೆ ಮೂತಿ ಹಾಕಿದ.

ಜೇಬಿನಲ್ಲಿ ಏನೂ ಇರಲಿಲ್ಲ ಮಾದೇವ. ಆದರೆ ಅವತ್ತು ಸೋಮವಾರವಾಗಿತ್ತು. ಒಂದು ವರ್ಷದ ಸೋಮವಾರಗಳೆಲ್ಲ ಅವನಿಗೆ ನೆನಪಿದ್ದವು. ಒರಟು ನಾಲಿಗೆಯಲ್ಲಿ ನನ್ನ ಎದೆ ನೆಕ್ಕಿದ, ಜೇಬು ಹರಿಯಿತು. ದೂಡಿದೆ, ಹೋಗಲಿಲ್ಲ. ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವನು ಹೋಟ್ಲು ಚಿಕ್ಕಯ್ಯ. "ಲೇ, ಇವ್ನು ಇದುಕ್ಕೆ ಏನೋ ತಿನ್ಸವ್ನೆ ಕಣ್ರಲಾ!"

ನಿಮ್ಮವ್ವ ಆಗಲೇ ಕಂಬಳಿಯ ಮಡಿಕೆ ಬಿಡಿಸಿದ್ದರು. ಮೂರು ಅಚ್ಚು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು.

"ನಾಗ, ಅವತ್ತೂ ಇದೇಯಾ?"

ನೂರು ಸುಳ್ಳು ಹೇಳಿದ ಬಾಯಿ ನನ್ನದು. ಒಂದು ಸುಳ್ಳು ಬೇಕಾಗಿತ್ತು, ಬರಲಿಲ್ಲ. ಹೌದೆಂದು ತಲೆ ಆಡಿಸಿದೆ.

ಆಗ ಜನ ನಕ್ಕರು. ಮೊದಲು ಒಬ್ಬ, ಆಮೇಲೆ ಎಲ್ಲರೂ. "ಬೆಲ್ಲದ್ ಅಧ್ಯಕ್ಷೆ!" ಎಂದು ಯಾರೋ ಕೂಗಿದರು. ದೊಡ್ಡಬೀರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ನಿಮ್ಮವ್ವನನ್ನು ನಾನು ಆರಿಸಿದ್ದು ಅವರು ಒಳ್ಳೆಯವರು ಎಂದಲ್ಲ, ನಿನ್ನ ತಾಯಿ ಎಂದೂ ಅಲ್ಲ. ಒಂಬತ್ತು ಜನರಲ್ಲಿ ಯಾರ ಮುಂದೆ ಬಸವ ನಿಂತರೆ ಊರು ಹೆಚ್ಚು ನಗುತ್ತದೆ ಎಂದು ಯೋಚಿಸಿ ಆರಿಸಿದೆ. ಅವತ್ತು ಊರು ನಗಲಿಲ್ಲ, ಅಡ್ಡಬಿತ್ತು. ನಾನು ಕರೆದಿದ್ದ ನಗು ಹದಿನಾಲ್ಕು ತಿಂಗಳು ತಡವಾಗಿ ಬಂತು.

ನಿಮ್ಮವ್ವ ಬೆಲ್ಲವನ್ನು ಬಸವನ ಬಾಯಿಗೆ ಹಿಡಿದರು. "ನೀನೇನ್ ಮಾಡ್ದೆ ಬುಡು, ತಿನ್ನು" ಎಂದರು. ಕಂಬಳಿ ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ನನ್ನ ಕೈಗೆ ಕೊಟ್ಟು ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಜಗುಲಿಗೆ ಬಂದರು. "ಬುಡ್ತೀನಿ ಅಂತ ಸಾಯೇಬ್ರಿಗೆ ಒಂದು ಕಾಗ್ದ ಬರಿ. ನಿಂಗೆ ಸರ್ಕಾರ್ದ ಭಾಷೆ ಚೆನ್ನಾಗ್ ಬತ್ತದೆ."

ಬಿಡಬೇಡಿ ಎಂದೆ. ಒಂಬತ್ತು ಜನ ಕೈ ಎತ್ತಿ ಆರಿಸಿದ್ದಾರೆ, ಪುಸ್ತಕದಲ್ಲಿದೆ, ಅಧಿಕಾರಿಯ ರುಜು ಇದೆ. ಕಾನೂನಿಗೆ ಬಸವನೂ ಗೊತ್ತಿಲ್ಲ ಬೆಲ್ಲವೂ ಗೊತ್ತಿಲ್ಲ. ಅವರೇ ಬೇಕಾದರೆ ಅವಿಶ್ವಾಸ ತರಲಿ ಎಂದೆ. ಕಾಲು ಹಿಡಿದೆ. ನೀರು ತಂದವರು ನೀವಲ್ಲವೇ, ಅದೂ ಬೆಲ್ಲವೇ ಎಂದು ಕೇಳಿದೆ.

"ಕಾನೂನ್ಗೆ ಸರಿ ಇದ್ರೆ ಸಾಕಾ ಮಗಾ? ದೇವ್ರು ಅವ್ನೆ ಹಿಂದೆ ಅಂದ್ಕಂಡು ಬಾಯ್ ಬುಟ್ಟೆ ನಾನು. ಈಗ ತಿರುಗ್ ನೋಡುದ್ರೆ ಯಾರೂ ಇಲ್ಲ. ಒಬ್ಳೇ ಎಂಗ್ ಮಾತಾಡ್ಲಿ?"

ಬರೆದೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಶುರುಮಾಡಿದೆ. ನಿನಗೆ ತಮಾಷೆಗೆ ಬರೆಯುತ್ತಿದ್ದ ಅದೇ ಮಾತು. ರುಜು ಈ ಸಲ ಸಣ್ಣದಾಗಿ ಹಾಕಿದರು.

ನಾಗ


ಪಾಂಡವಪುರ
22 ಸೆಪ್ಟೆಂಬರ್ 1997

ನಾಗಾರ್ಜುನ,

ಅವ್ವ ಬಂದು ರಾಜೀನಾಮೆ ಕೊಟ್ಟು ಹೋದಳು. ನೀನು ಬರೆದದ್ದನ್ನು ನಾನೇ ಟೈಪು ಮಾಡಿದೆ. ಒಂದು ತಪ್ಪೂ ಇರಲಿಲ್ಲ. ಕಾರಣ ಏನು ಎಂದು ಸಾಹೇಬರು ಕೇಳಿದರಂತೆ. "ಮೈಲಿ ಉಸಾರಿಲ್ಲ" ಅಂದಳಂತೆ. ನಿನ್ನ ಹೆಸರು ಹೇಳಲಿಲ್ಲ. ನನ್ನ ಹತ್ತಿರವೂ ಹೇಳಲಿಲ್ಲ.

ಎರಡನೇ ಸಲ ಬೆಲ್ಲ ಇಡು ಎಂದು ಬರೆದವನು ನಾನೇ ಎಂದು ಅವಳಿಗೆ ಹೇಳಬೇಕೆಂದಿದ್ದೆ. ಬಸ್ಸು ಬಂದುಬಿಟ್ಟಿತು.

ಇನ್ನು ಬರೆಯಬೇಡ.

ಮಹದೇವಸ್ವಾಮಿ


ಬೋರನಕಟ್ಟೆ
14 ಡಿಸೆಂಬರ್ 1997

ಮಾದೇವ,

ಬರೆಯಬೇಡ ಎಂದಿದ್ದೆ. ಮೂರು ತಿಂಗಳು ಬರೆಯಲಿಲ್ಲ. ಇದಕ್ಕೆ ಉತ್ತರ ಬೇಡ.

ತೆರವಾದ ಪದವಿ ಅಕ್ಟೋಬರಿನಲ್ಲಿ ತುಂಬಿತು. ಐದು ನಿಮಿಷ. ಯಾರೂ ಗಲಾಟೆ ಮಾಡಲಿಲ್ಲ, ಚೀಟಿ ಎತ್ತಲಿಲ್ಲ, ಬಸವನನ್ನು ಕೇಳಲಿಲ್ಲ. ದೊಡ್ಡಬೀರಯ್ಯ ಕೂತ ಮೇಲೂ ಕುರ್ಚಿಯ ಕಾಲು ಅಲ್ಲಾಡುತ್ತಿಲ್ಲ. ನಿಮ್ಮವ್ವ ಇನ್ನೂ ಸದಸ್ಯರೇ. ಹಿಂದಿನ ಬೆಂಚಿನಲ್ಲಿ, ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಕಡೇ ಕೇರಿಯ ಬೋರ್‌ವೆಲ್ ಚೆನ್ನಾಗಿದೆ, ಅವರು ಮಾತ್ರ ಮತ್ತೆ ಬಸ್ ಸ್ಟಾಪಿನ ಕಡೆಯಿಂದಲೇ ನೀರು ಹೊತ್ತು ತರುತ್ತಾರೆ. ಆದರೂ ಮಾರಮ್ಮ ಬೋರ್‌ವೆಲ್ಲಿನ ಮೊದಲ ಕೊಡ ತುಂಬಿಸಿ ದಿನಾ ನಿಮ್ಮ ಮನೆ ಬಾಗಿಲಿಗೆ ಇಟ್ಟು ಹೋಗುತ್ತಾಳೆ.

ಬಸವನಿಗೆ ಬೆಲ್ಲ ಕೊಡುವುದನ್ನು ನಿಲ್ಲಿಸಿದ್ದೇನೆ. ಸೋಮವಾರ ನಮ್ಮ ಕೇರಿಗೆ ಬಂದು ನಿಲ್ಲುತ್ತಾನೆ. ನಾನು ಹೊರಗೆ ಹೋಗುವುದಿಲ್ಲ.

ನಿನ್ನೆ ಬೆಳಿಗ್ಗೆ ನಾಗಮಂಗಲಕ್ಕೆ ಹೊರಟೆ. ಉಳಿದರ್ಧ ಬಿ.ಎ.ಗೆ ಪರೀಕ್ಷೆಯ ಅರ್ಜಿ ಕೊಡಬೇಕಿತ್ತು. ಒಗೆದ ಅಂಗಿ, ಕೈಯಲ್ಲಿ ಕವರು, ಕೆಲಸದ ಮೇಲೆ ಹೊರಟಿದ್ದಾನೆ ಎಂದು ನೋಡಿದವರಿಗೆ ಗೊತ್ತಾಗುವ ಹಾಗಿದ್ದೆ. ಬಸ್ ಸ್ಟಾಪಿಗೆ ಬರುವಾಗ ಎದುರಿಗೆ ನಿಮ್ಮವ್ವ, ಸೊಂಟದ ಮೇಲೆ ಕೊಡ. ದೂರದಿಂದಲೇ ನನ್ನನ್ನು ನೋಡಿದರು. ಕೋಪದಿಂದ ನೋಡಲಿಲ್ಲ. ಕವರು ನೋಡಿದರು. ತಟ್ಟನೆ ಸೆರಗು ಮುಂದಕ್ಕೆಳೆದುಕೊಂಡು, ನೀರು ಚೆಲ್ಲದ ಹಾಗೆ ಬೇಗ ಬೇಗ ನಡೆದು ಹೊಂಗೆ ಮರದ ಹಿಂದೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತರು.

ನನಗಾಗಿ ಮಾದೇವ. ನನ್ನ ಕೆಲಸ ಕೆಡದಿರಲಿ ಎಂದು.

ನಾನು ಮರದ ಈಚೆ ನಿಂತೆ. "ಕುಳ್ಳವ್ವ, ಈ ಕಡೆ ತಿರುಗಿ" ಎಂದೆ. ತಿರುಗಲಿಲ್ಲ. "ನಿಮ್ಮ ಮುಖ ನೋಡಿ ಹೋಗ್ಬೇಕು ನಾನು" ಎಂದೆ. ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಕಂಡಕ್ಟರು ನನ್ನ ಹೆಸರು ಹಿಡಿದು ಕೂಗಿದ.

"ಹೋಗು ಮಗಾ," ಎಂದರು, ಗೋಡೆಗೆ. "ಬಸ್ಸು ಓಯ್ತದೆ."

ಬಸ್ಸು ಹೋಯಿತು. ನಾನು ಅಲ್ಲೇ ನಿಂತಿದ್ದೆ. ನಾನು ಹೋಗುವವರೆಗೆ ಅವರು ತಿರುಗುವುದಿಲ್ಲ, ಅವರು ತಿರುಗುವವರೆಗೆ ನಾನು ಹೋಗುವುದಿಲ್ಲ. ಕೊಡ ತುಂಬಿತ್ತು. ಅದನ್ನು ಇಳಿಸದೆ, ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

ಕೊನೆಗೆ ನಾನೇ ಹೋದೆ, ಮನೆಯ ಕಡೆಗೆ.

ನಾಗ